ಮಂಚದ ಬದಿಗೆ ಕಟ್ಟಿದ ತೊಟ್ಟಿಲು

ಐಗಳಿ
18 ಆಗಸ್ಟ್ 2024, ರವಿವಾರ

ಚಿ. ಸೌ. ದಾನೇಶ್ವರಿಗೆ,

ನಿನ್ನ ಅವ್ವ ಶಿವಗಂಗವ್ವ ಮೊದಲು ಆಶೀರ್ವಾದ ಮಾಡಿ, ಅದು ಮುಗಿದ ಮೇಲೆ ಬೈಯುವುದೇನೆಂದರೆ, ನೀನು ದುಂಡೇಶನ ಮೊಬೈಲಿಗೆ ಕಳಿಸಿದ ಫೋಟೋ ನೋಡಿದೆ. ಸಂತೆಗೆ ಕೋಳಿ ಒಯ್ಯುವವರ ಜಾಳಿಗೆ ಎಂದುಕೊಂಡೆ. "ಅದು ತೊಟ್ಟಿಲಬೇ ಅವ್ವಾ. ಮಂಚಕ್ಕ ಬೆಲ್ಟ್ ಹಾಕಿ ಕಟ್ಟತಾರ. ಮಡಚಿ ಚೀಲದಾಗ ಇಟ್ಟು ಊರಿಗೂ ಒಯ್ಯಬಹುದು" ಎಂದು ನಿನ್ನ ಅಣ್ಣ ತಾನೇ ನಾಲ್ಕು ಹಡೆದವನ ಹಾಗೆ ತಿಳಿಸಿ ಹೇಳಿದ.

ಫೋನಿನಲ್ಲಿ ನಿನ್ನ ದನಿ ನನಗೆ ಡಬ್ಬಿಯಲ್ಲಿ ಕಡಲೆ ಅಲುಗಿಸಿದ ಹಾಗೆ ಕೇಳುತ್ತದೆ. ಅರ್ಧ ಕೇಳಿಸಿಕೊಂಡು ಉಳಿದರ್ಧಕ್ಕೆ ನಾನೇ ಸಿಟ್ಟಾಗುತ್ತೇನೆ. ಅದಕ್ಕೇ ಈ ಕಾಗದ. ನನ್ನದು ನಾಲ್ಕನೇ ಇಯತ್ತೆಯ ಅಕ್ಷರ. ಚಿಕ್ಕೋಡಿ ಕೋರ್ಟಿನಲ್ಲಿ ಟೈಪು ಮಾಡುವವಳು ನೀನು, ತಪ್ಪು ಕಂಡರೆ ಹೊಟ್ಟೆಯಲ್ಲಿ ಹಾಕಿಕೋ, ಈಗ ಅಲ್ಲಿ ಜಾಗ ಉಳಿದಿದ್ದರೆ.

ನಮ್ಮ ತೊಟ್ಟಿಲು ಅಟ್ಟದ ಮೇಲಿದೆ. ಸಾಗವಾನಿಯದು. ನೀನು ಮಲಗಿದ್ದು, ದುಂಡೇಶ ಮಲಗಿದ್ದು, ನಿಮ್ಮಪ್ಪ ಮಲಗಿ ಅದರ ಕಟ್ಟಿಗೆಯ ಗಿಳಿಯ ಮೂಗು ಕಚ್ಚಿ ತೆಗೆದಿದ್ದು. ಚೊಚ್ಚಲ ಕೂಸಿಗೆ ತೊಟ್ಟಿಲು ತವರಿನಿಂದ ಹೋಗುತ್ತದೆ, ಬಜಾರದಿಂದಲ್ಲ. ಅದೂ ಹೆಸರಿಡುವ ದಿನ. ಹುಟ್ಟದ ಕೂಸಿನ ಹೆಸರಿನಲ್ಲಿ ಒಂದು ಕುಲಾಯಿ ಸಹ ಹೊಸ್ತಿಲು ದಾಟಬಾರದು ಎಂದು ನಿನಗೆ ಗೊತ್ತಿಲ್ಲವೇ? ಮದುವೆಯಾಗಿ ಒಂಬತ್ತು ವರ್ಷಕ್ಕೆ ಕಣ್ಣು ತೆರೆದ ಬಸಿರು. ಇದರ ಜೊತೆ ಆಟ ಆಡಬೇಡ.

ಇನ್ನೊಂದು. ಚೊಚ್ಚಲ ಹೆರಿಗೆಗೆ ಐಗಳಿಗೆ ಬಾ ಎಂದರೆ ಚಿಕ್ಕೋಡಿಯ ಡಾಕ್ಟರರೇ ಆಗಬೇಕು ಎಂದೆ ನೀನು. ಆಗಲಿ ಎಂದೆ ನಾನು. ಬಸುರಿಗೆ ಮಾಡುವ ಕುಬಸದ ದಿನ ನಾನು ಕೇಳಿದೆ, ಕೂಸು ತಾಯಿಯ ಬಗಲಲ್ಲಿ ಮಲಗುವುದು ಬಿಟ್ಟು ಅದಕ್ಕೆ ಬೇರೆ ಮಂಚ ಏತಕ್ಕೆ ಎಂದು. ನೀನು ಹೊಸ ಬಳೆಗಳನ್ನು ತಿರುಗಿಸುತ್ತ ಕುಳಿತೆ. ನಿನ್ನ ಅತ್ತೆ ಲಕ್ಷ್ಮಿಬಾಯಿ ನೀರು ತರುವ ನೆವ ಮಾಡಿ ಎದ್ದು ಒಳಗೆ ಹೋದರು. ಅವರ ಮುಂದೆ ತುಂಬಿದ ತಂಬಿಗೆ ಇತ್ತು.

ಏಳು ವರ್ಷ ನನ್ನ ಬಗಲಲ್ಲಿ ಮಲಗಿದವಳು ನೀನು. ಏನೋ ಮುಚ್ಚಿಡುತ್ತಿದ್ದೀ ಎಂಬುದು ನನಗೆ ಗೊತ್ತಾಗುತ್ತದೆ. ಏನೆಂಬುದಷ್ಟೇ ಗೊತ್ತಾಗುವುದಿಲ್ಲ.

ಬರೆದು ತಿಳಿಸು. ದುಂಡೇಶನಿಗಲ್ಲ, ನನಗೆ.

ನಿನ್ನ ಅವ್ವ
ಶಿವಗಂಗವ್ವ


ಚಿಕ್ಕೋಡಿ
3 ಸೆಪ್ಟೆಂಬರ್ 2024

ಅವ್ವಾ,

ಈ ಕಾಗದವನ್ನು ಅಣ್ಣ ವೈನಿಯ ಮುಂದೆ ಜೋರಾಗಿ ಓದಬೇಡ. ದ್ರಾಕ್ಷಿ ತೋಟಕ್ಕೆ ಹೋದಾಗ ಓದು.

ಹೋದ ವರ್ಷ ದೀಪಾವಳಿಗೆ ಮುಗಳಖೋಡದಲ್ಲಿ ಅತ್ತೆಯವರ ಮನೆಯಲ್ಲಿದ್ದಾಗ ನನಗೆ ಫಿಟ್ಸ್ ಬಂತು. ಮತ್ತೆ ಈ ಆಷಾಢದಲ್ಲಿ ಬಂತು, ಕೋರ್ಟಿನಲ್ಲಿ. ನನಗೆ ಏನೂ ನೆನಪಿಲ್ಲ. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ. ನನ್ನ ಜೊತೆ ಕೆಲಸ ಮಾಡುವ ಸಾರಿಕಾ ತನ್ನ ಓಢಣಿ ಮಡಚಿ ನನ್ನ ತಲೆಯ ಕೆಳಗೆ ಇಟ್ಟು, ಎಲ್ಲರನ್ನೂ ದೂರ ಸರಿಸಿದ್ದಳಂತೆ. ಆಗಿನಿಂದ ಗುಳಿಗೆ ನಡೆದಿದೆ. ಬಸಿರು ಇರುವುದನ್ನು ನೋಡಿಯೇ ಕೊಟ್ಟಿದ್ದಾರೆ. ಅದನ್ನು ನುಂಗಿದರೆ ನಿದ್ದೆ ಮೈಮೇಲೆ ಬಿದ್ದ ಹಾಗೆ ಬರುತ್ತದೆ, ಪಕ್ಕದಲ್ಲಿ ಗುಡುಗಿದರೂ ಕೇಳುವುದಿಲ್ಲ.

ಡಾಕ್ಟರರು ಎರಡು ಮಾತು ಹೇಳಿದ್ದಾರೆ. ಕೂಸನ್ನು ನನ್ನ ಹಾಸಿಗೆಯಲ್ಲಿ ಮಲಗಿಸಬಾರದು. ಆದರೆ ನನ್ನ ಕೈಗೆ ಸಿಗುವಷ್ಟು ಹತ್ತಿರ ಇರಬೇಕು, ಎದ್ದು ಎತ್ತಿಕೊಂಡು ಓಡಾಡುವ ಪ್ರಸಂಗ ಬರಬಾರದು. ಎರಡೂ ಮಾತು ಕೂಡುವುದು ಮಂಚದ ಬದಿಗೆ ಕಟ್ಟುವ ತೊಟ್ಟಿಲಿನಲ್ಲಿ ಮಾತ್ರ. ನಿನ್ನ ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಸೀಜನ್ ಶುರುವಾದರೆ ರಾತ್ರಿ ಪಾಳಿ ತಪ್ಪುವುದಿಲ್ಲ. ಶನಿವಾರಕ್ಕೊಮ್ಮೆ ಮುಗಳಖೋಡಕ್ಕೆ ಹೋಗುತ್ತೇವೆ, ಅದಕ್ಕೇ ಮಡಚುವಂಥದ್ದು ಬೇಕು. ಈ ಬಾಡಿಗೆ ಮನೆಯಲ್ಲಿ ಜಂತಿಯೂ ಇಲ್ಲ, ಕೊಂಡಿಯೂ ಇಲ್ಲ. ನಿನ್ನ ತೊಟ್ಟಿಲನ್ನು ಫ್ಯಾನಿಗೆ ತೂಗಹಾಕಲೇ?

ನಾನು ತರಿಸುವುದನ್ನು ಬೇಡ ಎನ್ನುವ ಮೊದಲು ಒಂದು ಕೆಲಸ ಮಾಡು. ನಿನ್ನ ಸಾಗವಾನಿ ತೊಟ್ಟಿಲಿನ ಕಟಾಂಜನದ ಕಡ್ಡಿಗಳ ನಡುವೆ ಎಷ್ಟು ಸಂದಿದೆ ನೋಡು. ಮೂರು ಬೆರಳಿಗಿಂತ ಹೆಚ್ಚು ಇರಬಾರದು ಎನ್ನುತ್ತಾರೆ. ಒಳಗೆ ಗಟ್ಟಿ ಹಾಸಿಗೆ ಬಿಟ್ಟರೆ ತಲೆದಿಂಬು, ಕೌದಿ, ಗೊಂಬೆ ಏನೂ ಇರಬಾರದಂತೆ.

ನನಗೆ ಫಿಟ್ಸ್ ಬಂದ ಹೊತ್ತಿಗೆ ಕೂಸು ನನ್ನ ಬಗಲಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ನಾನು ಬರೆಯುವುದಿಲ್ಲ. ದಿನಾ ಅದೇ ಯೋಚನೆ ಬರುತ್ತದೆ ಎಂದಷ್ಟೇ ಬರೆಯುತ್ತೇನೆ.

ನಿನಗೆ ಹೇಳಬಾರದೆಂದಲ್ಲ. ಹೇಳಿದರೆ ನೀನು ನನ್ನನ್ನು ನೋಡುವ ರೀತಿ ಬೇರೆಯಾಗುತ್ತದೆ ಎಂದು.

ದಾನೇಶ್ವರಿ


ಐಗಳಿ
22 ಸೆಪ್ಟೆಂಬರ್ 2024, ರವಿವಾರ

ದಾನವ್ವಾ,

ಕಾಗದ ಮುಟ್ಟಿತು. ತೋಟದಲ್ಲೇ ಓದಿದೆ. ಅದರ ಮಾತು ಆಮೇಲೆ. ಮೊದಲು ತೊಟ್ಟಿಲಿನದು.

ದುಂಡೇಶ ಅಟ್ಟದಿಂದ ಇಳಿಸಿಕೊಟ್ಟ. ತೊಳೆದು ಅಂಗಳದಲ್ಲಿ ಬಿಸಿಲಿಗೆ ಇಟ್ಟೆ. ಸಂದಿನಲ್ಲಿ ಮೂರು ಬೆರಳು ಇಟ್ಟೆ, ನಾಲ್ಕನೆಯದೂ ಹೋಯಿತು, ಐದನೆಯದೂ ಹೋಯಿತು. ನನ್ನ ಬೆರಳು ಸಣ್ಣವು, ಕೋರ್ಟಿನ ಬೆರಳಿನ ಲೆಕ್ಕವೇ ಬೇರೆ ಇರಬೇಕು ಎಂದು ಸುಮ್ಮನಾದೆ. ನೀನು ಗೆದ್ದೆ ಎಂದು ಕುಣಿಯಬೇಡ. ಮರುದಿನ, ಮೊನ್ನೆ ಮೊನ್ನೆ ಹುಟ್ಟಿದ ಆಡಿನ ಮರಿ ಹೋಗಿ ಆ ಸಂದಿನಲ್ಲಿ ತಲೆ ಹಾಕಿತು. ಹಾಕಿದ್ದು ಹೊರಗೆ ಬರಲಿಲ್ಲ. ನಿನ್ನ ವೈನಿ ಸೀಮಾ ನಗುತ್ತ ಓಡಿ ಬಂದಳು. ದುಂಡೇಶ ಅದರ ಕಿವಿಗೆ ಎಣ್ಣೆ ಸವರಿ ಹಿಂದಕ್ಕೆ ಎಳೆದ. "ನಿನ್ನ ಸಾಗವಾನಿ ಆಡಿನ ಮರಿನ್ನ ಬಿಡಲಿಲ್ಲಲ್ಲಬೇ" ಎಂದು ಅವನೂ ನಕ್ಕ. ಓಣಿಯವರೂ ನಕ್ಕರು. ನಾನು ನಗಲಿಲ್ಲ. ಅದರ ಕುತ್ತಿಗೆಯ ಮೇಲಿನ ಕೂದಲು ಉಜ್ಜಿ ಉದುರಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ.

ತೊಟ್ಟಿಲು ಮತ್ತೆ ಅಟ್ಟಕ್ಕೆ ಹೋಯಿತು. ಅದರ ಮಾತು ಅಲ್ಲಿಗೆ ಸಾಕು.

ಇನ್ನು ನಿನ್ನ ಮಾತು. ಬೀಗತಿಗೆ ಗೊತ್ತು, ಸಾರಿಕಾಗೆ ಗೊತ್ತು, ಇಡೀ ಕೋರ್ಟಿಗೆ ಗೊತ್ತು. ಹಡೆದವಳಿಗೆ ಗೊತ್ತಿಲ್ಲ. ಇರಲಿ. ನಾನು ನೋಡುವ ರೀತಿ ಬೇರೆಯಾಗುತ್ತದಂತೆ. ನನಗೆ ಕಣ್ಣಿನ ಪೊರೆ ಬಂದಿದೆ, ಎಲ್ಲರನ್ನೂ ಬೇರೆ ರೀತಿಯಲ್ಲೇ ನೋಡುತ್ತೇನೆ. ಗುಳಿಗೆ ಬಿಡಬೇಡ. ಯಾವಳಾದರೂ ಬಂದು ಗುಳಿಗೆಯಿಂದ ಕೂಸು ಹಾಳಾಗುತ್ತದೆ ಎಂದರೆ ಅವಳನ್ನು ಐಗಳಿಗೆ ಕಳಿಸು, ನಾನು ಮಾತಾಡುತ್ತೇನೆ. ಫಿಟ್ಸ್ ಮತ್ತೆ ಬಂದಾಗ ಯಾರಾದರೂ ಮೂಗಿಗೆ ಉಳ್ಳಾಗಡ್ಡಿ ಹಿಡಿದರೆ, ಕೈಯಲ್ಲಿ ಕೀಲಿ ತುರುಕಿದರೆ ಬೀಗತಿಯೇ ತಡೆಯಬೇಕು ಎಂದು ಹೇಳು. ಸಾರಿಕಾ ಮಾಡಿದ್ದು ಸರಿ. ಅವಳಿಗೆ ನಮ್ಮ ಮನೆಯ ಒಣದ್ರಾಕ್ಷಿ ಕಳಿಸುತ್ತೇನೆ.

ನಿನ್ನ ಜಾಳಿಗೆ ತೊಟ್ಟಿಲನ್ನು ತರಿಸು. ನಾನು ಬೇಡ ಎನ್ನುವುದಿಲ್ಲ. ಆದರೆ ನಾಮಕರಣಕ್ಕೆ ಇನ್ನೂ ಎಷ್ಟೋ ದಿನ ಇದೆ, ಅಲ್ಲಿಯತನಕ ಅದು ಮನೆಯಲ್ಲಿ ಬಾಯಿ ತೆರೆದುಕೊಂಡು ಖಾಲಿ ನಿಲ್ಲಬಾರದು. ನಾಮಕರಣದಲ್ಲಿ ತೊಟ್ಟಿಲು ಸುತ್ತಿಸುವ ಗುಂಡಕಲ್ಲು ದುಂಡೇಶನ ಕೈಯಲ್ಲಿ ಕಳಿಸಿದ್ದೇನೆ. ಕುಂಚಿಗೆ ಹಾಕಿ, ಕಾಡಿಗೆ ಹಚ್ಚಿ, ಅದರೊಳಗೆ ಮಲಗಿಸು. ಕೂಸು ಬರುವತನಕ ಅದೇ ಕೂಸು. ನೀನು ಓದಿದವಳು, ನಗುತ್ತೀ. ನಕ್ಕು ಮಲಗಿಸು.

ಮಂಚಕ್ಕೂ ಅದಕ್ಕೂ ನಡುವೆ ಸಂದು ಉಳಿದರೆ ಕೌದಿ ಮಡಚಿ ತುರುಕು. ನಾನು ಹೊಲಿದದ್ದು ಒಂದು ಕಳಿಸಿದ್ದೇನೆ.

ಅವ್ವ


ಚಿಕ್ಕೋಡಿ
24 ಅಕ್ಟೋಬರ್ 2024

ಅವ್ವಾ,

ನನಗೂ ಕೂಸಿಗೂ ಏನೂ ಆಗಿಲ್ಲ. ಇದನ್ನು ಮೊದಲು ಓದಿಕೊಂಡು ಆಮೇಲೆ ಮುಂದಿನದನ್ನು ಓದು.

ತೊಟ್ಟಿಲು ಬಂತು. ನಿನ್ನ ಅಳಿಯ ವಿಡಿಯೋ ನೋಡುತ್ತ ಜೋಡಿಸಿದರು. ಮಂಚದ ಕಡೆಯ ಗೋಡೆಯನ್ನು ಪೂರ್ತಿ ಕೆಳಗೆ ಇಳಿಸುವಂಥದ್ದು, ನೋಡಲು ಬಹಳ ಚಂದ. ಕೌದಿ ತುರುಕಲಿಲ್ಲ ಅವ್ವಾ, ಕೂಸಿನ ಮುಖ ಆ ಮೆತ್ತನೆಯದಕ್ಕೆ ಒತ್ತಿದರೆ ಉಸಿರು ನಿಲ್ಲುತ್ತದೆ. ಬೆಲ್ಟನ್ನೇ ಬಿಗಿದೆವು. ಅತ್ತೆಯವರು ಬಂದು ನಿನ್ನ ಗುಂಡಕಲ್ಲನ್ನು ತಾವೇ ಕುಂಚಿಗೆ ಹಾಕಿ ಮಲಗಿಸಿದರು. "ನಿಮ್ಮವ್ವನ ಒಂದು ಮಾತಿಗೆ ನಾನೂ ಹೂಂ ಅಂತೀನಿ ನೋಡವಾ, ಇದಽ ಮೊದಲನೇದು" ಎಂದರು. ಕಾಡಿಗೆಯ ಬೊಟ್ಟು ಇಟ್ಟ ಮೇಲೆ ಆ ಕಲ್ಲು ನಿಜವಾಗಿಯೂ ಮುಖ ಉಬ್ಬಿಸಿಕೊಂಡು ಮಲಗಿದ ಹಾಗೆ ಕಂಡಿತು. ನಾನು ಹೋಗಿ ಬಂದು ನೋಡುತ್ತಿದ್ದೆ. ಒಮ್ಮೊಮ್ಮೆ ಅದನ್ನು ಮಾತಾಡಿಸಿಯೂ ಬಿಡುತ್ತಿದ್ದೆ.

ಮೊನ್ನೆ ಮಧ್ಯಾಹ್ನ ನಾನೂ ಅತ್ತೆಯವರೂ ರೊಟ್ಟಿ ತಿನ್ನುತ್ತ ಕುಳಿತಿದ್ದೆವು. ಒಳಗೆ ಢಬ್ ಎಂದು ಸಪ್ಪಳವಾಯಿತು. ಹೋಗಿ ನೋಡಿದರೆ ತೊಟ್ಟಿಲಿನ ಹೊರಗಡೆಯ ಕಾಲು ಮಡಚಿಕೊಂಡು ಬಿದ್ದಿತ್ತು. ಕಲ್ಲು ಹೊರಳಿ ನೆಲದ ಮೇಲಿತ್ತು. ಅದರ ಕೆಳಗಿನ ಫರಶಿ ಒಡೆದಿತ್ತು. ಕುಂಚಿಗೆ ಅರ್ಧ ಕಳಚಿತ್ತು. ಯಾರೂ ಮುಟ್ಟಿರಲಿಲ್ಲ ಅವ್ವಾ. ಅತ್ತೆಯವರು ಕಲ್ಲನ್ನು ಎತ್ತಿಕೊಂಡು, ಸೆರಗಿನಿಂದ ಒರೆಸಿ, ಎದೆಗೆ ಅವಚಿಕೊಂಡು ನಿಂತರು. ಕಲ್ಲನ್ನು. ನಾನು ಅದನ್ನು ನೋಡಿ ಅಳಲು ಶುರು ಮಾಡಿದೆ.

ಮಾರಿದವರಿಗೆ ಫೋನು ಮಾಡಿದರೆ, ಅದರಲ್ಲಿ ಕಲ್ಲು ಇಡಲು ಯಾರು ಹೇಳಿದರು ಎಂದು ನಕ್ಕರಂತೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿದೆವು. ಅದು ತಡೆಯುತ್ತದೆ ಎಂದು ಅವರೇ ಬರೆದ ಭಾರಕ್ಕಿಂತ ಕಲ್ಲು ಹಗುರವೇ ಇದೆ. ಕಾಲಿನ ಲಾಕು ಬಿದ್ದ ಹಾಗೆ ಕಾಣುತ್ತದೆ, ಬಿದ್ದಿರುವುದಿಲ್ಲ. ತಿರುಗಿ ಒಯ್ಯುತ್ತೇವೆ ಎಂದು ಒಪ್ಪಿಕೊಂಡಿದ್ದಾರೆ.

ಈಗ ಹೇಳು ಅವ್ವಾ. ನಿನ್ನ ತೊಟ್ಟಿಲು ಆಗದು. ಅಂಗಡಿಯದೂ ಆಗದು. ನನ್ನ ಬಗಲು ಎಲ್ಲಕ್ಕಿಂತ ಆಗದು. ಬರುವ ತಿಂಗಳು ಕೂಸು ಬರುತ್ತದೆ. ಅದನ್ನು ಎಲ್ಲಿ ಮಲಗಿಸಲಿ?

ದಾನೇಶ್ವರಿ


ಐಗಳಿ
4 ನವೆಂಬರ್ 2024, ಸೋಮವಾರ

ದಾನವ್ವಾ,

ದೀಪಾವಳಿಯ ಹೋಳಿಗೆ ನನಗೆ ಸೇರಲಿಲ್ಲ. ಸೀಮಾ ಮಾಡಿದ್ದಳು, ಅದೂ ಒಂದು ಕಾರಣ.

ನಿನ್ನ ಕಾಗದ ಓದಿದವರೆಲ್ಲ ಆ ಕಲ್ಲಿನ ಗುಂಡಪ್ಪನೇ ಕೂಸನ್ನು ಕಾಯ್ದ, ಶಿವಗಂಗವ್ವನಿಗೆ ಮೊದಲೇ ತಿಳಿದಿತ್ತು ಎನ್ನುತ್ತಾರೆ. ದುಂಡೇಶ ಓಣಿ ತುಂಬ ಹೇಳಿಕೊಂಡು ಬಂದಿದ್ದಾನೆ. ನೀನು ಹಾಗೆ ತಿಳಿಯಬೇಡ. ಕಲ್ಲಿಗೆ ಏನೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಖಾಲಿ ಇರಬಾರದೆಂದು ಇಡಿಸಿದೆ, ಅದು ಬಿತ್ತು. ನಾನು ತುರುಕು ಎಂದ ಕೌದಿಯನ್ನು ನೀನು ತುರುಕಲಿಲ್ಲ, ಅದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲ. ಇನ್ನು ಮೇಲೆ ಗೊತ್ತಿದ್ದೇ ಇಡೋಣ ಎಂದು ನಿಶ್ಚಯ ಮಾಡಿದೆ.

ಹಿತ್ತಲಿನ ಒಳಕಲ್ಲಿನ ಗುಂಡನ್ನು ಚೀಲದಲ್ಲಿ ಹಾಕಿಕೊಂಡು ದುಂಡೇಶನ ಜೊತೆ ಅಥಣಿಗೆ ಹೋದೆ. ಅಲ್ಲಿಯ ಅಂಗಡಿಯವರು ತೊಟ್ಟಿಲಿನ ಚಿತ್ರ ತೋರಿಸಿದರು. ಚಿತ್ರದಲ್ಲಿ ಕಲ್ಲು ಹೇಗೆ ಇಡುವುದು? ಎದ್ದು ಬಂದೆ. ಮರುದಿನ ನಿಪ್ಪಾಣಿಗೆ ಹೋದೆವು. ಅಲ್ಲಿ ದೊಡ್ಡ ಅಂಗಡಿ, ಮೂರು ತೊಟ್ಟಿಲು ಜೋಡಿಸಿಯೇ ಇಟ್ಟಿದ್ದರು. ಅಂಗಡಿಯವನ ಹೆಸರು ಆಬಾಸಾಹೇಬ. ನಾನು ಚೀಲ ಬಿಚ್ಚಿದಾಗ ಮರಾಠಿಯಲ್ಲಿ "ಆಜಿ, ಹೇ ಕಾಯ?" ಎಂದ, ಅಜ್ಜಿ ಇದೇನು ಎಂದು. "ನನ್ನ ಮೊಮ್ಮಗ" ಎಂದೆ. ಅವನು ದುಂಡೇಶನ ಮುಖ ನೋಡಿದ. ದುಂಡೇಶ ಹೊರಗೆ ಗಾಡಿ ನೋಡಿ ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ.

ಮೊದಲನೆಯದಕ್ಕೆ ಗಾಲಿ. ಕಲ್ಲು ಇಟ್ಟು ಒತ್ತಿದೆ, ಅದು ನನ್ನನ್ನು ಬಿಟ್ಟು ಬಾಗಿಲ ಕಡೆಗೆ ಹೊರಟಿತು. ಎರಡನೆಯದು ನೀನು ತರಿಸಿದ್ದರ ತಂಗಿ. ಮುಟ್ಟಲಿಲ್ಲ. ಮೂರನೆಯದು ಮೂಲೆಯಲ್ಲಿತ್ತು, ಬಣ್ಣ ಬೂದಿಯದು, ಚಂದವಿಲ್ಲ. ಅದಕ್ಕೆ ಮಂಚದ ಕಡೆಗೆ ಗೋಡೆ ಪೂರ್ತಿ ಇಳಿಯುವುದಿಲ್ಲ, ಅರ್ಧ ಗೋಡೆ ನಿಂತೇ ಇರುತ್ತದೆ. ಆಬಾಸಾಹೇಬ ಅದನ್ನೇ ದೊಡ್ಡ ಕೊರತೆ ಎಂದು ಹೇಳಿದ. ತಾಯಂದಿರು ಪೂರ್ತಿ ತೆರೆದದ್ದನ್ನೇ ಕೇಳುತ್ತಾರಂತೆ, ಕೂಸು ಸರಕ್ಕನೆ ಬಗಲಿಗೆ ಬರಬೇಕಂತೆ. ನನಗೆ ಬೇಕಾದದ್ದು ಆ ಗೋಡೆಯೇ ಎಂದು ಅವನಿಗೆ ಹೇಗೆ ಹೇಳಲಿ. ಮೇಲಿಂದ ನಿನ್ನ ಕೈ ಒಳಗೆ ಹೋಗುತ್ತದೆ, ನಿನ್ನ ಮೈ ಹೋಗುವುದಿಲ್ಲ. ನಾನು ಅಲ್ಲೇ ನೆಲದ ಮೇಲೆ ಮಲಗಿ ಕೈ ಹಾಕಿ ನೋಡಿದೆ. ಗಿರಾಕಿಗಳು ಸುತ್ತ ನಿಂತು ನೋಡಿದರು.

ಲಾಕು ಬಿದ್ದರೆ ಟಕ್ ಎನ್ನುತ್ತದೆ, ಕೇಳಿ ನೋಡಿ ಎಂದ. ನನ್ನ ಕಿವಿಗೆ ಎಲ್ಲಿ ಕೇಳಬೇಕು. ಕೀಲಿನ ಮೇಲೆ ಕೈ ಇಟ್ಟು, ಮತ್ತೆ ಹಾಕು ಎಂದೆ. ಟಕ್ ಎಂದದ್ದು ಕೈಗೆ ತಿಳಿಯಿತು. ನಾಲ್ಕೂ ಕಾಲಿನದನ್ನು ಹಾಗೇ ಕೈಯಿಂದ ನೋಡಿದೆ. ಬೆಲ್ಟನ್ನು ಅಲ್ಲಿದ್ದ ಮಂಚಕ್ಕೆ ಕಟ್ಟಿಸಿ, ನಡುವೆ ನನ್ನ ಬೆರಳು ಹೋಗುತ್ತದೆಯೇ ನೋಡಿದೆ. ಹೋಗಲಿಲ್ಲ. ಕಲ್ಲು ಇಟ್ಟು, ಅಲುಗಿಸಿ, ಅಲ್ಲೇ ಚಹಾ ಕುಡಿದು, ಮತ್ತೆ ಅಲುಗಿಸಿದೆ. ಗಟ್ಟಿ ನಿಂತಿತು.

ಅಳಿಯ ಸಂಜಯ ಜೋಡಿಸುವಾಗ ವಿಡಿಯೋ ನೋಡಲಿ, ಬೇಡ ಎನ್ನುವುದಿಲ್ಲ. ಕೈಯನ್ನೂ ಇಟ್ಟು ನೋಡಲಿ.

ಕೂಸು ಹುಟ್ಟುವ ಮೊದಲು ತರುವುದಿಲ್ಲ ಎಂದು ಆಬಾಸಾಹೇಬನಿಗೆ ಹೇಳಿ ಬಂದಿದ್ದೇನೆ. ಅದರ ಮೇಲೆ ನನ್ನ ಹೆಸರು ಬರೆದು ಇಟ್ಟಿದ್ದಾನೆ. ಹುಟ್ಟಿದ ಸುದ್ದಿ ಬಂದ ತಕ್ಷಣ ದುಂಡೇಶ ನಿಪ್ಪಾಣಿಗೆ ಹೋಗುತ್ತಾನೆ, ನಾನು ಚಿಕ್ಕೋಡಿಗೆ ಬರುತ್ತೇನೆ. ಅಲ್ಲಿಯತನಕ ಹೆದರಬೇಡ ಎಂದು ಬರೆಯಬೇಕೆಂದಿದ್ದೆ. ನಾನೇ ಹೆದರಿದ್ದೇನೆ, ಆ ಮಾತು ನನ್ನ ಕೈಯಿಂದ ಸರಿಯಾಗಿ ಬರುವುದಿಲ್ಲ.

ಅವ್ವ


ಚಿಕ್ಕೋಡಿ
2 ಮಾರ್ಚ್ 2025

ಅವ್ವಾ,

ನೀನು ಬಾಣಂತನ ಮುಗಿಸಿ, ದ್ರಾಕ್ಷಿ ಕೊಯ್ಲಿಗೆಂದು ಐಗಳಿಗೆ ಹೋದ ಮೇಲೆ ನಮ್ಮ ಕೂಸು ಕಾಂಚನ ಮೂರು ದಿನ ಬಾಗಿಲನ್ನೇ ನೋಡಿದಳು. ಅತ್ತೆಯವರು ಅವಳನ್ನು ಆಡಿಸುವಾಗ "ನಿಮ್ಮ ಬೈಗುಳದ ಅಜ್ಜಿ ಹೋದ್ಲು" ಎನ್ನುತ್ತಾರೆ. ನಿನ್ನನ್ನು ನೆನೆದು ಅನ್ನುತ್ತಾರೋ, ಹಗುರಾಗಿ ಅನ್ನುತ್ತಾರೋ ನನಗೆ ತಿಳಿಯದು.

ಅಣ್ಣನಿಗೆ ಫೋನಿನಲ್ಲಿ ಹೇಳಲಿಲ್ಲ. ನಿನಗೇ ಬರೆಯುತ್ತಿದ್ದೇನೆ.

ಗುರುವಾರ ಫಿಟ್ಸ್ ಮತ್ತೆ ಬಂತು. ಮುಂಜಾನೆ ಕಾಂಚನಳಿಗೆ ಹಾಲು ಕೊಟ್ಟು, ತೇಗಿಸಿ, ನಿನ್ನ ನಿಪ್ಪಾಣಿಯ ತೊಟ್ಟಿಲಿನಲ್ಲಿ ಮಲಗಿಸಿ, ನಾನೂ ಮಂಚದ ಮೇಲೆ ಅಡ್ಡಾದೆ. ಅಷ್ಟೇ ನೆನಪು. ಅತ್ತೆಯವರು ಒಲೆಯ ಮುಂದಿದ್ದರಂತೆ. ಮಂಚದ ಮೇಲಿನ ಬಟ್ಟಲು ಬಿದ್ದ ಸಪ್ಪಳ ಕೇಳಿ ಬಂದರಂತೆ. ನನ್ನನ್ನು ಮಗ್ಗುಲಿಗೆ ಹೊರಳಿಸಿ, ಪಕ್ಕದಲ್ಲೇ ಕುಳಿತಿದ್ದರು. ಉಳ್ಳಾಗಡ್ಡಿ ಹಿಡಿಯಲಿಲ್ಲ. ನೀನು ಅವರಿಗೆ ಅಷ್ಟು ಸಲ ಹೇಳಿ ಹೋಗಿದ್ದೀ.

ನನ್ನ ಮೊಣಕೈ ಕಪ್ಪಾಗಿ ಬಾತಿದೆ. ಆ ಅರ್ಧ ಗೋಡೆಗೆ ಬಡಿದದ್ದು. ಎಷ್ಟು ಸಲ ಬಡಿಯಿತೋ ಗೊತ್ತಿಲ್ಲ. ಗೋಡೆ ಹಾಗೇ ಇತ್ತು, ಬೆಲ್ಟು ಹಾಗೇ ಇತ್ತು. ಒಳಗೆ ಕಾಂಚನ ಎಚ್ಚರವಾಗಿ ಫ್ಯಾನು ನೋಡುತ್ತ ಕಾಲು ಆಡಿಸುತ್ತಿದ್ದಳಂತೆ. ನಾನು ಎದ್ದ ಮೇಲೆ ಅವಳನ್ನು ಎತ್ತಿಕೊಳ್ಳಲಿಲ್ಲ. ಗೋಡೆಯ ಮೇಲಿಂದ ಒಂದು ಬೆರಳು ಒಳಗೆ ಇಳಿಸಿದೆ. ಹಿಡಿದುಕೊಂಡಳು.

ಅವಳಿಗೆ ಏನಾದೀತು ಎಂಬ ಭಯ ಈಗ ನನಗೆ ಇಲ್ಲ. ಆದರೆ ಅವತ್ತಿನಿಂದ ಕಣ್ಣು ಮುಚ್ಚಲು ಹೆದರುತ್ತೇನೆ. ಗುಳಿಗೆ ನುಂಗಿಯೂ ಕಣ್ಣು ತೆರೆದುಕೊಂಡೇ ಇರುತ್ತೇನೆ. ನಿದ್ದೆಗೆಟ್ಟರೆ ಮತ್ತೆ ಬರುತ್ತದೆ, ಹೇಗಾದರೂ ನಿದ್ದೆ ಮಾಡಿ ಎನ್ನುತ್ತಾರೆ ಡಾಕ್ಟರರು. ನಿದ್ದೆ ಮಾಡಿದರೆ ಬರುತ್ತದೆ ಎಂದು ನನಗೆ ಅನಿಸುತ್ತದೆ. ಸೀಜನ್ ಮುಗಿಯುವತನಕ ಇವರಿಗೆ ರಜೆ ಸಿಗದು. ಅತ್ತೆಯವರಿಗೆ ಮಂಡಿ ನೋವು, ಅವರನ್ನು ಎಷ್ಟು ಎಬ್ಬಿಸಲಿ.

ನೀನು ಬರಬೇಕೆಂದು ಬರೆಯುತ್ತಿಲ್ಲ. ದ್ರಾಕ್ಷಿಯ ಹೊತ್ತು ಎಂದು ನನಗೆ ಗೊತ್ತಿದೆ.

ದಾನೇಶ್ವರಿ


ಐಗಳಿ
7 ಮಾರ್ಚ್ 2025, ಶುಕ್ರವಾರ

ದಾನವ್ವಾ,

ಈ ಕಾಗದ ನಿನಗೆ ಮುಟ್ಟುವ ಮೊದಲು ನಾನೇ ಮುಟ್ಟಬಹುದು. ಆದರೂ ಬರೆಯುತ್ತೇನೆ. ಎದುರಿಗೆ ಬಂದರೆ ನನ್ನ ಬಾಯಿಗೆ ಬೈಗುಳ ಬರುತ್ತದೆ, ಇದು ಬರುವುದಿಲ್ಲ.

ದ್ರಾಕ್ಷಿ ಒಣಗಲು ಹಾಕಿದ್ದಾಗಿದೆ. ತಿರುವಿ ಹಾಕುವುದಕ್ಕೆ ದುಂಡೇಶನಿಗೆ ಕೈಯಿವೆ, ಸೀಮಾಳಿಗೂ ಇವೆ. ನಾನು ಅಲ್ಲಿ ನಿಂತು ಬೈದರೇ ಅವು ಒಣಗುತ್ತವೆ ಎಂದು ಇಷ್ಟು ವರ್ಷ ತಿಳಿದಿದ್ದೆ. ನಮ್ಮ ಸಾಗವಾನಿ ತೊಟ್ಟಿಲನ್ನು ಅಡುಗೆಮನೆಯ ಮೂಲೆಗೆ ಇಳಿಸಿದ್ದೇನೆ. ಅದರಲ್ಲಿ ಉಳ್ಳಾಗಡ್ಡಿ ತುಂಬಿಸಿದ್ದೇನೆ. ಖಾಲಿ ಇರಬಾರದು.

ಬೀಗತಿಗೆ ಹೇಳು, ಅವರ ಮಂಡಿಗೆ ಎಣ್ಣೆ ತರುತ್ತೇನೆ. ನಿನ್ನ ಮಗ್ಗುಲಲ್ಲಿ ಕುಳಿತಿದ್ದರು ಎಂದು ಬರೆದೆಯಲ್ಲ, ಆ ಸಾಲನ್ನು ನಾನು ಮತ್ತೆ ಮತ್ತೆ ಓದಿದೆ. ಇದನ್ನು ಅವರಿಗೆ ಹೇಳಬೇಡ.

ತೊಟ್ಟಿಲನ್ನು ಈಗಿರುವ ಬದಿಯಿಂದ ಬಿಚ್ಚಬೇಡ, ಬೆಲ್ಟು ಬಿಗಿಯಾಗಿರಲಿ. ಇನ್ನೊಂದು ಕಡೆ ಮಂಚವನ್ನು ಗೋಡೆಗೆ ಹಚ್ಚಿದ್ದೀರಿ. ಮಂಚವನ್ನೂ ತೊಟ್ಟಿಲನ್ನೂ ಕೂಡಿಯೇ ಸ್ವಲ್ಪ ಈಚೆಗೆ ಎಳೆಸಿ, ನಾನು ಹತ್ತಿ ಇಳಿಯಲು ದಾರಿ ಮಾಡಿಸು. ಆ ಕಡೆಗೆ ನಾನು ಮಲಗುತ್ತೇನೆ. ನನ್ನ ಕಿವಿ ಕೇಳುವುದಿಲ್ಲ, ಆದರೆ ನೀನು ಅಲುಗಿದರೆ ಮೈಗೆ ತಿಳಿಯುತ್ತದೆ. ಏಳು ವರ್ಷದ ರೂಢಿ ಅದು, ಹೋಗಿಲ್ಲ.

ಕೂಸು ಆ ಬದಿಗೆ, ನಾನು ಈ ಬದಿಗೆ. ನೀನು ನಡುವೆ ಮಲಗಿ ನಿದ್ದೆ ಮಾಡು.

ರವಿವಾರ ಮುಂಜಾನೆಯ ಬಸ್ಸಿಗೆ ಬರುತ್ತೇನೆ.

ಅವ್ವ